ಬಿದ್ದ ಮನೆಯ ಕಲ್ಲಿನಲ್ಲೇ ಎದ್ದ ಮನೆ

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನು ತುಂಬಿದಾಗ, ಅದೇ ಮಲಪ್ರಭೆಯ ದಂಡೆಯ ಮೇಲಿದ್ದ ನಮ್ಮ ಮನೆಯೂ ಮುಳುಗಿತ್ತು. ಮಣ್ಣಿನಲ್ಲಿ ಕಟ್ಟಿದ್ದ ಕಲ್ಲಿನ ಗೋಡೆಗಳು ನೀರು ಇಳಿದ ಮೇಲೆ ಒಂದೊಂದಾಗಿ ಕುಸಿದವು. ಕಳೆದ ವಾರ ಹೊಸ ಮನೆಯ ವಾಸ್ತುಶಾಂತಿ ನೆರವೇರಿತು. ಬಂದು ಹರಸಿದ ಎಲ್ಲರಿಗೂ, ಆ ಮಳೆಗಾಲದಲ್ಲಿ ನಮಗೆ ರೊಟ್ಟಿ, ಹಾಸಿಗೆ ಕೊಟ್ಟು ಕಾಯ್ದ ಗುಳೇದಗುಡ್ಡದ ಬೀಗರಿಗೂ ನಮ್ಮ ಮನೆಯವರೆಲ್ಲರ ನಮಸ್ಕಾರಗಳು.

ಇನ್ನೊಬ್ಬರಿಗೂ ಈ ನಮಸ್ಕಾರ ಸಲ್ಲಬೇಕು. ಅವರು ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, ಕುಷ್ಠರೋಗಿಗಳ ಆಸ್ಪತ್ರೆಗಳನ್ನು ಕಟ್ಟಲೆಂದು ಭಾರತಕ್ಕೆ ಬಂದು, ಪಿಥೋರಾಗಢದ ಬೆಟ್ಟಗಳಲ್ಲಿ ಅಲ್ಲಿಯವರು ಕಲ್ಲು, ಮಣ್ಣು, ಮರದಲ್ಲಿ ಮನೆ ಕಟ್ಟುವ ಬಗೆಯನ್ನು ವರ್ಷಗಟ್ಟಲೆ ನೋಡಿ ಕಲಿತು, ಕೊನೆಗೆ ತಿರುವನಂತಪುರದಲ್ಲಿ ನೆಲೆಸಿದವರು. ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೇ ಸಿಗಬೇಕೆಂದು ಗಾಂಧೀಜಿ ಹೇಳಿದ ಮಾತನ್ನು ಅವರು ಬದುಕಿನುದ್ದಕ್ಕೂ ನೆನೆಯುತ್ತಿದ್ದರು. 1990ರಲ್ಲಿ ಪದ್ಮಶ್ರೀ ಬಂತು, 2007ರಲ್ಲಿ ತೀರಿಕೊಂಡರು.

ಪೂರ್ತಿ ಬಿದ್ದ ಮನೆಗೆ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿ ನಮ್ಮ ಕೈಗೆ ಬರುತ್ತಿದ್ದದ್ದು ಕಂತುಕಂತಾಗಿ. ಸಿಮೆಂಟ್ ಬ್ಲಾಕಿನ ಮನೆಗೆ ಕೇಳಿದ ಲೆಕ್ಕ ಅದನ್ನು ದಾಟುತ್ತಿತ್ತು. ಬಿದ್ದ ಕಲ್ಲನ್ನು ಮಾರಿಬಿಡಿ ಎಂದವರೇ ಹೆಚ್ಚು. ಸಿವಿಲ್ ಡಿಪ್ಲೊಮಾ ಓದಿದ ನನ್ನ ಅಕ್ಕನ ಮಗ ಮಾತ್ರ, ಕಡಿಮೆ ಖರ್ಚಿನಲ್ಲಿ ಮನೆ ಕಟ್ಟುವುದನ್ನು ತಿಳಿಸಲು ಬೇಕರ್ ಅವರು ಕೈಯಲ್ಲೇ ಚಿತ್ರ ಬರೆದು ಸಾಮಾನ್ಯರಿಗೆಂದು ಮಾಡಿದ ಪುಸ್ತಿಕೆಯೊಂದನ್ನು ತಂದು ಪಡಸಾಲೆಯ ಅವಶೇಷದ ಮೇಲೆ ಬಿಚ್ಚಿಟ್ಟ. ಬಾದಾಮಿ ಸೀಮೆಯವರಾಗಿ ಕೆಂಪು ಕಲ್ಲನ್ನು ಮಾರಿ ಬ್ಲಾಕು ಕೊಳ್ಳಲು ಹೊರಟಿದ್ದೆವಲ್ಲ ಎಂದು ನನಗೆ ನಾಚಿಕೆಯಾದದ್ದು ಅಂದು.

ಗೋಡೆಗಳು ಅದೇ ಕಲ್ಲಿನಲ್ಲಿ, ಈ ಸಲ ಸಿಮೆಂಟಿನ ಗಾರೆಯಲ್ಲಿ, ಎತ್ತರದ ಕಟ್ಟೆಯ ಮೇಲೆ ಎದ್ದವು; ಹೊರಗೆ ಗಿಲಾಯಿ (ಪ್ಲಾಸ್ಟರ್) ಮಾಡಿಸಲಿಲ್ಲ. ಕಿಟಕಿಗೆ ಬದಲು ಎರಡು ಕಡೆ ಇಟ್ಟಿಗೆಯ ಜಾಳಿ, ಅಂದರೆ ಗಾಳಿ ಬೆಳಕಿಗೆ ನಡುನಡುವೆ ತೂತು ಬಿಟ್ಟು ಕಟ್ಟಿದ ಗೋಡೆ. ವಾದ ಬಿದ್ದದ್ದು ಮೇಲ್ಛಾವಣಿಯ ವಿಷಯದಲ್ಲಿ. ಬೇಕರ್ ಅವರ ಬಗೆಯ ಲೆಕ್ಕ ಹೀಗೆ: ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ, ಕಾಂಕ್ರೀಟಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಸರಳುಗಳ ನಡುವೆ ಹಳೆಯ ಮಂಗಳೂರು ಹಂಚುಗಳನ್ನು ಜೋಡಿಸಿದರೆ ಕಾಂಕ್ರೀಟೂ ಭಾರವೂ ಕಡಿಮೆಯಾಗಿ, ಒಳಗಿನ ಸೆಕೆಯೂ ತಗ್ಗುತ್ತದೆ. ನಮ್ಮ ಗೌಂಡಿ ಕಾಕಾ ಇದನ್ನೆಲ್ಲ ಕೇಳಿ, "ಹಂಚು ಹುಗದು ಸ್ಲ್ಯಾಬ್ ಹಾಕಿದ್ರ ನಾಳೆ ಯಾರ ಜವಾಬ್ದಾರಿ?" ಎಂದರು. ಕೇಳಬೇಕಾದ ಪ್ರಶ್ನೆಯೇ ಅದು. ಒಂದು ಸಣ್ಣ ತುಂಡನ್ನು ಎರಡು ಕಲ್ಲುಗಳ ಮೇಲೆ ಹಾಕಿ, ತಿಂಗಳು ನೀರುಣಿಸಿ, ನಾಲ್ಕು ಮಂದಿಯನ್ನು ಹತ್ತಿಸಿ ತಾವೂ ಹತ್ತಿ ನಿಂತ ಮೇಲೆಯೇ ಒಪ್ಪಿದರು. ಒಪ್ಪಿದ ಮೇಲೆ ಹಿಂದೆ ನೋಡಲಿಲ್ಲ. ಕೂಲಿ ತಡವಾದ ವಾರಗಳಲ್ಲೂ ಕೆಲಸ ನಿಲ್ಲಿಸಲಿಲ್ಲ. ಆ ಋಣ ದೊಡ್ಡದು.

ಇದು ಬಡವರ ಮನೆಯ ಮಾದರಿಯಲ್ಲವೇ ಎಂದು ವಾಸ್ತುಶಾಂತಿಗೆ ಬಂದ ಒಬ್ಬರು ಕೇಳಿದರು. ಬೇಕರ್ ಬಡವರಿಗೊಂದು, ಉಳ್ಳವರಿಗೊಂದು ಎಂದು ಎರಡು ವಿದ್ಯೆ ಇಟ್ಟುಕೊಂಡಿರಲಿಲ್ಲ. ಮೀನುಗಾರರ ಮನೆಗಳಿಗೆ ತೋರಿದ ಮಿತವ್ಯಯವನ್ನೇ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಕಟ್ಟಡಗಳಿಗೂ ತೋರಿದ್ದರು.

ದಂಡೆಯ ಊರುಗಳಲ್ಲಿ ಇನ್ನೂ ಕಲ್ಲಿನ ರಾಶಿ ಹಾಗೇ ಬಿದ್ದಿರುವವರು ದಯವಿಟ್ಟು ಬಂದು ನೋಡಿರಿ. ಖರ್ಚಿನ ವಹಿ ತೋರಿಸುತ್ತೇನೆ, ಗೌಂಡಿ ಕಾಕಾ ಬರಲು ಒಪ್ಪಿದ್ದಾರೆ. ಮಧ್ಯಾಹ್ನ ಅವ್ವ ಜಾಳಿಯ ಹತ್ತಿರವೇ ಕುಳಿತಿರುತ್ತಾಳೆ. ತಲೆಯೆತ್ತಿದರೆ ಹಂಚುಗಳು ಕಾಣುತ್ತವೆ.