ಪುಟ್ಟ ಮಕ್ಕಳಿಗೆ ವಿಭಕ್ತಿಯ ಹೆಸರೇಕೆ?

ಮಾನ್ಯರೆ,

ನಾಲ್ಕು, ಐದನೇ ತರಗತಿಯ ಕನ್ನಡ ಪರೀಕ್ಷೆಯಲ್ಲಿ ‘ಮರದಿಂದ – ಇದು ಯಾವ ವಿಭಕ್ತಿ?’ ಎಂಬಂಥ ಪ್ರಶ್ನೆ ಕೇಳುವುದನ್ನು ಬಿಡಬೇಕು. ‘ಮರದಿಂದ ಬಾಗಿಲು ಮಾಡಿದರು’, ‘ಮರದಿಂದ ಕಾಯಿ ಬಿತ್ತು’ ಎರಡರಲ್ಲೂ ಇರುವುದು ‘ಇಂದ’ ಪ್ರತ್ಯಯವೇ. ವ್ಯಾಕರಣದ ಪಟ್ಟಿಯಲ್ಲಿ ಮಾತ್ರ ತೃತೀಯಾ ವಿಭಕ್ತಿಗೆ ‘ಇಂದ’, ಎರಡನೇ ವಾಕ್ಯದಂತೆ ಅಗಲಿಕೆ ಹೇಳುವ ಪಂಚಮಿಗೆ ‘ದೆಸೆಯಿಂದ’ ಎಂದಿದೆ. ಮಂಡ್ಯ ಸೀಮೆಯ ಯಾವ ಮನೆಯಲ್ಲೂ ‘ಮರದ ದೆಸೆಯಿಂದ ಕಾಯಿ ಬಿತ್ತು’ ಎನ್ನುವುದಿಲ್ಲ. ಮಗು ತೃತೀಯಾ ಎಂದು ಬರೆದರೆ ಸರಿಯೋ ತಪ್ಪೋ, ತಿದ್ದುವವರಿಗೇ ಗೊಂದಲ.

ಸಂಧಿಯದೂ ಇದೇ ಪಾಡು. ‘ಮಳೆಗಾಲ – ಆದೇಶ ಸಂಧಿ’ ಎಂದು ಬಾಯಿಪಾಠ ಒಪ್ಪಿಸುವ ಮಗುವಿಗೆ ‘ಬೆಟ್ಟದಾವರೆ’ಯನ್ನು ಬೆಟ್ಟ, ತಾವರೆ ಎಂದು ಬಿಡಿಸಲು ಬರುವುದಿಲ್ಲ. ಪದಗಳು ಸೇರುವಾಗ ಕ, ತ, ಪಗಳು ಗ, ದ, ಬ ಆಗುವುದನ್ನು ಅದು ಕಿವಿಗೊಟ್ಟು ಕೇಳಿಯೇ ಇಲ್ಲ.

ನಮ್ಮ ಮಕ್ಕಳ ನಿಜವಾದ ತೊಡಕು ಬೇರೆ. ಆಡುವುದು ‘ಗದ್ದೇಲಿ’, ಬರೆಯಬೇಕಾದ್ದು ‘ಗದ್ದೆಯಲ್ಲಿ’. ಕಬ್ಬು, ಗದ್ದೆ, ನಾಲೆ ಎಂಬ ಮೂರು ಪದ ಕೊಟ್ಟು ಎರಡು ವಾಕ್ಯ ಬರೆಸಿ. ‘ಗದ್ದೆ, ಅಲ್ಲಿ ಸೇರಿದಾಗ ಹೊಸದಾಗಿ ಬಂದ ಅಕ್ಷರ ಯಾವುದು?’ ಎಂದು ಕೇಳಿ. ‘ಯ’ ಎಂದರೆ ಪೂರ್ತಿ ಅಂಕ ಕೊಡಿ. ಅದಕ್ಕೆ ಆಗಮ ಸಂಧಿ ಎಂಬ ಹೆಸರು ಹೈಸ್ಕೂಲಿನಲ್ಲಿ ಕಲಿತರೂ ಸಾಕು.

– ಕನ್ನಡ ಶಿಕ್ಷಕರು, ಮಂಡ್ಯ