ಹಿಂಜರಿತ ಮುಗಿದ ಮೇಲೂ ಹಿರಿಯರ ನಷ್ಟ ಮುಗಿಯುವುದಿಲ್ಲ: ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರಿಗೆ,

ನಮಸ್ಕಾರ.

ಆರ್ಥಿಕ ಹಿಂಜರಿತ ಬಂದಾಗ ಸರ್ಕಾರಗಳು ಮೊದಲು ನೋಡುವುದು ನಿರುದ್ಯೋಗದ ಅಂಕಿಗಳನ್ನು. ದುಡಿಮೆ ಮುಗಿಸಿದವರು ಆ ಅಂಕಿಗಳಲ್ಲಿ ಇರುವುದೇ ಇಲ್ಲ. ಅವರಿಗೆ ಪಿಂಚಣಿ ಬರುತ್ತಿದೆ, ಕೆಲಸ ಹೋಗುವ ಭಯವಿಲ್ಲ, ಹಿಂಜರಿತ ಅವರನ್ನು ಅಷ್ಟಾಗಿ ತಟ್ಟುವುದಿಲ್ಲ ಎಂಬ ಮಾತು ಬಜೆಟ್ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪಿಂಚಣಿಯ ಲೆಕ್ಕವನ್ನೂ ಹಿರಿಯರ ಆರೈಕೆಯನ್ನೂ ಹತ್ತಿರದಿಂದ ಬಲ್ಲ ನಾವು ತಮ್ಮ ಗಮನಕ್ಕೆ ತರಬಯಸುವುದು ಒಂದೇ ವಿಷಯ: ಮೂವತ್ತರ ವಯಸ್ಸಿನವರಿಗೆ ನಷ್ಟ ತುಂಬಿಕೊಳ್ಳಲು ಮುಂದೆ ವರ್ಷಗಳಿವೆ, ಎಪ್ಪತ್ತು ದಾಟಿದವರಿಗೆ ಇಲ್ಲ. ಹಾಗಾಗಿ ಅವರ ರಕ್ಷಣೆ ಹಿಂಜರಿತ ಬಂದ ಮೇಲೆ ಸಮಿತಿ ಕಟ್ಟಿ ಯೋಚಿಸುವ ಸಂಗತಿಯಲ್ಲ. ಅದು ನಿಯಮದಲ್ಲಿ ಮೊದಲೇ ಬರೆದಿರಬೇಕು, ಹೊತ್ತು ಬಂದಾಗ ತಾನಾಗಿ ಜಾರಿಗೆ ಬರಬೇಕು.

ಮೊದಲು ಇಡುಗಂಟಿನ ಲೆಕ್ಕ. ಒಬ್ಬರ ಬಳಿ ಮಾರುಕಟ್ಟೆಯಲ್ಲಿ ತೊಡಗಿಸಿದ 100 ಪಾಲು ಹಣವಿದೆ, ಪ್ರತಿ ವರ್ಷದ ಆರಂಭದಲ್ಲಿ ಖರ್ಚಿಗೆಂದು 6 ಪಾಲು ತೆಗೆಯುತ್ತಾರೆ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಮಾರುಕಟ್ಟೆ ಶೇ. 30 ಕುಸಿಯಿತು, ಎರಡು ವರ್ಷ ಅಲ್ಲೇ ನಿಂತಿತು, ನಾಲ್ಕನೇ ವರ್ಷ ಪೂರ್ತಿಯಾಗಿ ಹಳೆಯ ಮಟ್ಟಕ್ಕೆ ಬಂತು. ಹಣ ಮುಟ್ಟದೆ ಕಾದವರಿಗೆ ನಷ್ಟ ಸೊನ್ನೆ. ಈ ಹಿರಿಯರ ಬಳಿ ಉಳಿಯುವುದು 68.3 ಪಾಲು. ಮಾರುಕಟ್ಟೆ ಅಲುಗದೆ ಇದ್ದಿದ್ದರೆ 76 ಉಳಿಯುತ್ತಿತ್ತು. ಈ 7.7 ಪಾಲು ಎಂದರೆ ಹದಿನೈದು ತಿಂಗಳ ಜೀವನ ಖರ್ಚು. ಬೆಲೆ ಬಿದ್ದ ಹೊತ್ತಿನಲ್ಲೇ ಮಾರಲೇಬೇಕಾಗಿ ಬಂದದ್ದಷ್ಟೇ ಇದಕ್ಕೆ ಕಾರಣ. ಸೂಚ್ಯಂಕ ಚೇತರಿಸಿಕೊಂಡಿದೆ ಎಂಬ ಸುದ್ದಿ ಇವರ ಪಾಲಿಗೆ ಸುದ್ದಿಯೇ ಅಲ್ಲ.

ನಿವೃತ್ತಿ ಖಾತೆಯಿಂದ ವರ್ಷಕ್ಕೆ ಇಷ್ಟು ತೆಗೆಯಲೇಬೇಕೆಂಬ ಕಾನೂನು ಇದ್ದರಂತೂ ನಷ್ಟವನ್ನು ಸರ್ಕಾರವೇ ಹೇರಿದಂತೆ. ಅಮೆರಿಕ ಈ ಕಡ್ಡಾಯವನ್ನು 2009ರಲ್ಲಿ ಒಂದು ವರ್ಷಕ್ಕೆ ತಡೆಹಿಡಿಯಿತು, 2020ರಲ್ಲಿ ಮತ್ತೆ ತಡೆಹಿಡಿಯಿತು. ಒಳ್ಳೆಯ ಕ್ರಮ, ಆದರೆ ಎರಡು ಸಲವೂ ಬೇರೆ ಬೇರೆ ಕಾನೂನು ಮಾಡಬೇಕಾಯಿತು. ಮಾರುಕಟ್ಟೆ ಇಷ್ಟು ಪ್ರಮಾಣದಲ್ಲಿ ಕುಸಿದರೆ ಆ ವರ್ಷ ಕಡ್ಡಾಯ ತಾನಾಗಿ ರದ್ದು ಎಂಬ ಒಂದು ಸಾಲು ಸಾಕು.

ಶೇರುಪೇಟೆಯ ಸಹವಾಸವೇ ಬೇಡವೆಂದು ಹಣವನ್ನು ಠೇವಣಿಯಲ್ಲಿಟ್ಟವರೂ ಪಾರಾಗುವುದಿಲ್ಲ. ಹಿಂಜರಿತ ಬಂತೆಂದರೆ ಕೇಂದ್ರ ಬ್ಯಾಂಕುಗಳು ಬಡ್ಡಿ ಇಳಿಸುತ್ತವೆ. ಅಮೆರಿಕದಲ್ಲಿ ಡಿಸೆಂಬರ್ 2008ರಿಂದ ಡಿಸೆಂಬರ್ 2015ರವರೆಗೆ ದರ ಸೊನ್ನೆಯ ಆಸುಪಾಸಿನಲ್ಲೇ ಇತ್ತು. ಸಾಲಗಾರನಿಗೆ ಅದು ಉಸಿರು, ಬಡ್ಡಿಯಲ್ಲೇ ಬದುಕುವವರಿಗೆ ಸಂಬಳ ಕಡಿತ. ಶೇ. 8ರ ಬಡ್ಡಿ ಶೇ. 4ಕ್ಕೆ ಇಳಿದರೆ ಅಸಲು ಹಾಗೇ ಇರುತ್ತದೆ, ಆಸ್ತಿಯ ಅಂಕಿಯಲ್ಲಿ ಏನೂ ಬದಲಾಗದು, ಆದಾಯ ಮಾತ್ರ ಅರ್ಧ. ಹಳೆಯ ಖರ್ಚನ್ನೇ ಮುಂದುವರಿಸಿದರೆ ಅಸಲು ಕರಗತೊಡಗಿ ಹದಿನೇಳೂವರೆ ವರ್ಷ ದಾಟುವ ಹೊತ್ತಿಗೆ ಖಾಲಿ. 62ಕ್ಕೆ ನಿವೃತ್ತರಾದವರಿಗೆ 80 ತುಂಬುವ ಮುನ್ನವೇ, ಅಂದರೆ ಆರೈಕೆಯ ಖರ್ಚು ಏರುವ ವಯಸ್ಸಿಗೆ, ಕೈ ಬರಿದಾಗುತ್ತದೆ. ಇದು ಗೊತ್ತಿರುವ ಹಿರಿಯರು ಖರ್ಚನ್ನೇ ಕಡಿಯುತ್ತಾರೆ. ಬಡ್ಡಿ ಇಳಿಸಿದ್ದು ಜನ ಖರ್ಚು ಮಾಡಲೆಂದು. ಈ ಗುಂಪು ಮಾಡುವುದು ಅದರ ತದ್ವಿರುದ್ಧ.

ಖರ್ಚು ಕಡಿಯುವ ಕ್ರಮವನ್ನು ಬಲ್ಲವರಿಗೆ ಬದುಕಿನ ಗುಣಮಟ್ಟ ಎಲ್ಲಿಂದ ಸೋರುತ್ತದೆ ಎಂಬುದು ಕಾಣುತ್ತದೆ. ಮೊದಲು ನಿಲ್ಲುವುದು ಹೊರಗೆ ಓಡಾಡುವುದು. ಆಮೇಲೆ ಹಲ್ಲು, ಕನ್ನಡಕ, ಶ್ರವಣ ಸಾಧನದ ಬ್ಯಾಟರಿ. ಇವು ಯಾವುವೂ ತುರ್ತಲ್ಲ, ಆದ್ದರಿಂದಲೇ ಮೊದಲು ಬಲಿಯಾಗುತ್ತವೆ. ಕಿವಿ ಕೇಳದವರು ನಾಲ್ಕು ಜನರ ನಡುವೆ ಕೂರುವುದನ್ನು ಬಿಡುತ್ತಾರೆ, ಹಲ್ಲಿಲ್ಲದವರು ಮೆತ್ತಗಿನದ್ದನ್ನಷ್ಟೇ ತಿನ್ನುತ್ತಾರೆ. ಊಟದಲ್ಲಿ ಹೊಟ್ಟೆ ತುಂಬಿಸುವ ಪದಾರ್ಥ ಉಳಿದು ದುಬಾರಿಯಾದ ಪ್ರೋಟೀನ್ ಹೋಗುತ್ತದೆ. ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಶಿಫಾರಸು, 60 ಕಿಲೋ ತೂಕದವರಿಗೆ 60ರಿಂದ 72 ಗ್ರಾಂ. ಅದು ಸಿಗದೆ ಸ್ನಾಯು ಸವೆದರೆ ಕುರ್ಚಿಯಿಂದ ಏಳುವುದೂ ಕಷ್ಟ, ಬೀಳುವುದು ಸುಲಭ. ಚಳಿ ಪ್ರದೇಶಗಳಲ್ಲಿ ಮನೆ ಬೆಚ್ಚಗಿಡುವ ಖರ್ಚಿಗೂ ಕತ್ತರಿ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಮಟ್ಟ 18 ಡಿಗ್ರಿ.

ಕೊನೆಗೆ ಮಾತ್ರೆ. ದಿನದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದು, ಅರ್ಧ ಮಾಡಿ ನುಂಗುವುದು, ಬೇನೆ ಕಾಣದಿದ್ದರೆ ನಿಲ್ಲಿಸಿಬಿಡುವುದು. ನಿಧಾನವಾಗಿ ಕರಗುವಂತೆ ತಯಾರಿಸಿದ ಹಲವು ಮಾತ್ರೆಗಳನ್ನು ಮುರಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಸೇರಬಹುದು. ಹೃದ್ರೋಗಿಗಳು ಎದೆಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಗುಂಪಿನ ಔಷಧವನ್ನು ತಟ್ಟನೆ ನಿಲ್ಲಿಸಿದರೆ ಎದೆನೋವು ಉಲ್ಬಣಿಸಬಹುದು, ಹೃದಯಾಘಾತವೂ ಆಗಬಹುದು. ರೋಗಿ ಕೊಡಬೇಕಾದ ಔಷಧ ಶುಲ್ಕವನ್ನು ಏರಿಸಿ ಸರ್ಕಾರ ಉಳಿಸಿದ ಹಣ ಆಸ್ಪತ್ರೆಯ ಲೆಕ್ಕದಲ್ಲಿ ಖರ್ಚಾಗಿ ಹೋಗುತ್ತದೆ. ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳ ನಿತ್ಯದ ಔಷಧಗಳ ಮೇಲೆ ಹಿಂಜರಿತದ ಕಾಲದಲ್ಲಿ ಶುಲ್ಕ ಏರಿಸಬೇಡಿ. ಬೇರೆ ಎಲ್ಲಿ ಏರಿಸಿದರೂ ಇಲ್ಲಿ ಬೇಡ.

ಪಿಂಚಣಿಯ ವಿಷಯಕ್ಕೆ ಬರೋಣ. ನೇರ ಕಡಿತ ಸುಲಭದ ದಾರಿಯಂತೆ ಕಾಣುತ್ತದೆ. ಅರ್ಜೆಂಟೀನಾ 2001ರ ಜುಲೈನಲ್ಲಿ 500 ಪೆಸೊ ಮೀರಿದ ಪಿಂಚಣಿಗಳನ್ನು ಶೇ. 13 ಕಡಿತ ಮಾಡಿತು. ವರ್ಷ ಮುಗಿಯುವ ಮುನ್ನವೇ ದೇಶ ದಿವಾಳಿಯಾಯಿತು. ಲಾಟ್ವಿಯಾ 2009ರಲ್ಲಿ ಪಿಂಚಣಿಗಳನ್ನು ಶೇ. 10, ಕೆಲಸದಲ್ಲಿದ್ದ ಪಿಂಚಣಿದಾರರಿಗೆ ಶೇ. 70 ಇಳಿಸಿತು, ಅದೇ ಡಿಸೆಂಬರಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿತು, ಹಿಡಿದ ಹಣವನ್ನು ಹಿಂದಿರುಗಿಸಬೇಕಾಯಿತು. ಪಿಂಚಣಿ ಮೊತ್ತ ಎಂದೂ ಇಳಿಯದು ಎಂಬ ನಿಯಮವಿರುವಲ್ಲೂ ಬೆಲೆಗೆ ತಕ್ಕ ಏರಿಕೆ ತಡವಾಗಿ ಬರುತ್ತದೆ. ಅಮೆರಿಕದಲ್ಲಿ 2009ರ ಜನವರಿಯಲ್ಲಿ ಶೇ. 5.8 ಏರಿಕೆ ಸಿಕ್ಕಿತು, ಮುಂದಿನ ಎರಡು ವರ್ಷ ಸೊನ್ನೆ. ಸರಾಸರಿ ಬೆಲೆ ಇಳಿದಿತ್ತು ನಿಜ, ಆದರೆ ಹಿರಿಯರ ಖರ್ಚಿನಲ್ಲಿ ಔಷಧ, ಚಿಕಿತ್ಸೆಗಳ ಪಾಲು ಹೆಚ್ಚು, ವಾಹನ ಇಂಧನದ್ದು ಕಡಿಮೆ. ಆ ದೇಶವೇ 62 ದಾಟಿದವರಿಗೆಂದು ಪ್ರತ್ಯೇಕ ಬೆಲೆ ಸೂಚ್ಯಂಕ ಲೆಕ್ಕಹಾಕುತ್ತದೆ, ಪಿಂಚಣಿಗೆ ಬಳಸುವುದಿಲ್ಲ! ಲೆಕ್ಕ ಹಾಕಿ ಬದಿಗಿಡುವುದಕ್ಕಿಂತ ಬಳಸಿ. ವರ್ಷಕ್ಕೊಮ್ಮೆಯ ಬದಲು ಆರು ತಿಂಗಳಿಗೊಮ್ಮೆ ಪರಿಷ್ಕರಿಸಿ.

ಐವತ್ತೈದು ದಾಟಿ ಕೆಲಸ ಕಳೆದುಕೊಂಡವರದ್ದು ಇನ್ನೊಂದು ಬಗೆಯ ನಷ್ಟ. ಅವರಿಗೆ ಮರಳಿ ಕೆಲಸ ಸಿಗಲು ಕಿರಿಯರಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ, ಎಷ್ಟೋ ಜನ ಬೇರೆ ದಾರಿ ಕಾಣದೆ ಅವಧಿಗೆ ಮುನ್ನವೇ ಪಿಂಚಣಿ ಆರಂಭಿಸುತ್ತಾರೆ. 67ಕ್ಕೆ ಪೂರ್ಣ ಪಿಂಚಣಿ ಸಿಗುವ ಅಮೆರಿಕದ ವ್ಯವಸ್ಥೆಯಲ್ಲಿ 62ಕ್ಕೇ ಪಡೆದರೆ ಶೇ. 30 ಕಡಿತ, ಅದೂ ಆಜೀವ. ಪಡೆದದ್ದನ್ನು ಮರಳಿಸಿ ಅರ್ಜಿ ಹಿಂಪಡೆಯಲು ಅಲ್ಲಿ 12 ತಿಂಗಳ ಅವಕಾಶವಿದೆ. ಹಿಂಜರಿತದಲ್ಲಿ ಕೆಲಸ ಹೋದವರಿಗೆ ಅದನ್ನು ಮೂರು ವರ್ಷಕ್ಕೆ ಹಿಗ್ಗಿಸಿ, ಮರುಪಾವತಿಗೆ ಕಂತು ಕೊಡಿ. ನೆರವಿನ ಅರ್ಹತೆಯನ್ನು ಹೋದ ವರ್ಷದ ಆದಾಯದ ಮೇಲೆ ಅಳೆಯುವ ಪದ್ಧತಿಯನ್ನೂ ಕೈಬಿಡಿ. ಕುಸಿತಕ್ಕೆ ಮುಂಚಿನ ಆದಾಯ ತೋರಿಸಿ ಇಂದಿನ ಅರ್ಜಿ ತಿರಸ್ಕರಿಸುವುದು ಕ್ರೂರ ತಮಾಷೆ. ಕಳೆದ ಮೂರು ತಿಂಗಳ ಆದಾಯ ನೋಡಿದರೆ ಸಾಕು.

ತಮ್ಮ ಅಧಿಕಾರಿಗಳು ಒಂದು ಆಕ್ಷೇಪ ಎತ್ತಬಹುದು: ಶ್ರೀಮಂತ ದೇಶಗಳಲ್ಲಿ ಹಿಂಜರಿತದ ವರ್ಷಗಳಲ್ಲಿ ಒಟ್ಟು ಸಾವಿನ ಪ್ರಮಾಣ ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆಯಲ್ಲ ಎಂದು. ಕಂಡಿದೆ, ಹಿರಿಯರಲ್ಲೂ. ಅದಕ್ಕೆ ಸಂಶೋಧಕರು ಕೊಡುವ ಒಂದು ಕಾರಣ ಕುತೂಹಲದ್ದು: ಬೇರೆಡೆ ಕೆಲಸವಿಲ್ಲದಾಗ ಆರೈಕೆ ಕೇಂದ್ರಗಳಿಗೆ ಸಿಬ್ಬಂದಿ ಸುಲಭವಾಗಿ ಸಿಗುತ್ತಾರೆ. ಹಾಗಿದ್ದರೆ ಮಿತವ್ಯಯದ ಹೆಸರಿನಲ್ಲಿ ಆರೈಕೆಯ ಅನುದಾನ ಕಡಿಯುವುದು ತಾನಾಗಿ ಒದಗಿದ ಒಂದೇ ಅನುಕೂಲವನ್ನೂ ಕಳೆದುಕೊಂಡಂತೆ. ಮನೆಗೇ ಬಂದು ಸ್ನಾನ, ಊಟ, ಮಾತ್ರೆಗೆ ನೆರವಾಗುವ ಸೇವೆಗೆ ನೇಮಕಾತಿ ನಡೆಯಬೇಕಾದದ್ದು ಆ ಹೊತ್ತಿನಲ್ಲೇ.

ಇನ್ನು, ಬದುಕಿರುವುದು ಬೇರೆ, ಬದುಕಿನ ಮೇಲೆ ಹಿಡಿತವಿರುವುದು ಬೇರೆ. ಇದನ್ನು ಅಳೆಯಲು ಕ್ಯಾಸ್ಪ್-19 ಎಂಬ ಪ್ರಶ್ನಾವಳಿ ಇದೆ. ಹಿಡಿತ, ಸ್ವಾಯತ್ತತೆ, ಸಾರ್ಥಕತೆ, ಸಂತೋಷ ಕುರಿತ 19 ಪ್ರಶ್ನೆಗಳು, ಪ್ರತಿಯೊಂದಕ್ಕೆ 0ರಿಂದ 3 ಅಂಕ, ಒಟ್ಟು 57. ಯೂರೋಪಿನಲ್ಲಿ 2004ರಿಂದ ನಡೆಯುತ್ತಿರುವ ಶೇರ್ (SHARE) ಎಂಬ ಹಿರಿಯರ ಸಮೀಕ್ಷೆ ಇದರ 12 ಪ್ರಶ್ನೆಗಳ ರೂಪವನ್ನು ಬಳಸುತ್ತದೆ. ಆ ಹನ್ನೆರಡನ್ನು ಮೂರು ತಿಂಗಳಿಗೊಮ್ಮೆಯ ಉದ್ಯೋಗ ಸಮೀಕ್ಷೆಗೆ ಸೇರಿಸಿದರೆ, ಕುಸಿತ ಆಸ್ಪತ್ರೆಯ ದಾಖಲೆಗೆ ಬರುವ ಮುನ್ನವೇ ತಮ್ಮ ಮೇಜಿಗೆ ಬರುತ್ತದೆ.

ಬ್ಯಾಂಕುಗಳ ಬಗ್ಗೆಯೂ ಒಂದು ಮಾತು. ಗ್ರೀಸ್ 2015ರ ಜೂನ್ ಕೊನೆಯಲ್ಲಿ ಬ್ಯಾಂಕುಗಳನ್ನು ಮುಚ್ಚಿ ಎಟಿಎಂನಿಂದ ದಿನಕ್ಕೆ 60 ಯೂರೊ ಮಿತಿ ಹಾಕಿದಾಗ, ಕಾರ್ಡೇ ಇಲ್ಲದ ಪಿಂಚಣಿದಾರರಿಗೆ ಅದೂ ಸಿಗಲಿಲ್ಲ. ಅವರಿಗೆಂದೇ ಸುಮಾರು 1,000 ಶಾಖೆಗಳನ್ನು ತೆರೆದು ತಲಾ 120 ಯೂರೊವರೆಗೆ ಕೊಡಬೇಕಾಯಿತು. ಬಾಗಿಲ ಮುಂದೆ ವೃದ್ಧರ ನೂಕುನುಗ್ಗಲು. ಇಂಥ ಸಂದರ್ಭದಲ್ಲಿ ಯಾವ ಶಾಖೆ, ಯಾವ ದಿನ, ನಡೆಯಲಾಗದವರಿಗೆ ಯಾರು ಮನೆಗೆ ಹಣ ತಲುಪಿಸುತ್ತಾರೆ ಎಂಬ ಪಟ್ಟಿ ಮೊದಲೇ ಸಿದ್ಧವಿರಬೇಕು.

ಮೇಲಿನ ಬೇಡಿಕೆಗಳಲ್ಲಿ ಕಡ್ಡಾಯ ಹಿಂಪಡೆತದ ತಡೆ, ಮೂರು ತಿಂಗಳ ಆದಾಯದ ಅಳತೆ, ಶಾಖೆಗಳ ಪಟ್ಟಿ, ಹನ್ನೆರಡು ಪ್ರಶ್ನೆಗಳು, ಇವಕ್ಕೆ ದೊಡ್ಡ ಮೊತ್ತ ಬೇಕಿಲ್ಲ. ಔಷಧ, ಪಿಂಚಣಿ ಪರಿಷ್ಕರಣೆ, ಮನೆ ಆರೈಕೆಗೆ ಖಂಡಿತ ಬೇಕು. ಮೊದಲಿನ ನಾಲ್ಕನ್ನು ಬರುವ ಬಜೆಟ್‌ನಲ್ಲೇ ಘೋಷಿಸಿ, ಉಳಿದ ಮೂರಕ್ಕೆ ತಗಲುವ ವೆಚ್ಚದ ಅಂದಾಜನ್ನು ಸದನದ ಮುಂದಿಡಿ. ಯಾವುದನ್ನಾದರೂ ಒಪ್ಪಲಾಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ,
ಪಿಂಚಣಿ ಲೆಕ್ಕ ಮತ್ತು ಹಿರಿಯರ ಆರೈಕೆಯ ಕ್ಷೇತ್ರಗಳಲ್ಲಿ ದುಡಿಯುತ್ತಿರುವವರು