ದಿನಕ್ಕೊಂದು ಓಮೆರ್

ಪ್ರೀತಿಯ ಗೆಳೆಯಾ,

ಕರ್ತನ ನಾಮದಲ್ಲಿ ವಂದನೆಗಳು.

ನಿನ್ನ ಪತ್ರ ಓದಿದೆ. ಜನವರಿ ಒಂದರಂದು ಆದಿಕಾಂಡದಿಂದ ಶುರುಮಾಡಿದೆ, ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರದ ಅಳತೆಗಳು ಬರುವಾಗ ನಿಧಾನವಾಯಿತು, ಯಾಜಕಕಾಂಡದಲ್ಲಿ ನಿಂತೇಹೋಯಿತು ಎಂದು ಬರೆದಿದ್ದೀಯ. ಕೊನೆಗೆ, "ನನಗೆ ದೇವರ ವಾಕ್ಯದ ಹಸಿವೇ ಇಲ್ಲವೇನೋ" ಅಂದಿದ್ದೀಯ. ಆ ಸಾಲು ಓದಿ ಸಂಕಟವಾಯಿತು. ನಿನಗೆ ಹಸಿವಿಲ್ಲ ಎಂದಲ್ಲ ಕಣೋ, ಎಲೆಗೆ ಬಡಿಸಿಕೊಂಡದ್ದು ಹೆಚ್ಚಾಯಿತು. ಸತ್ಯವೇದದ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಲು ಹೊರಟರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯ ಓದಬೇಕು. ಸತ್ಯವೇದದ ಒಟ್ಟು ಕಥೆ ತಿಳಿಯಲು ಆ ಓದು ಒಳ್ಳೆಯದೇ, ಮುಂದೆ ಯಾವಾಗಲಾದರೂ ಮಾಡು. ಆದರೆ ದಿನದಿನದ ಶಿಷ್ಯತ್ವಕ್ಕೆ ಬೇಕಾದ ಓದು ಬೇರೆ.

ವಿಮೋಚನಕಾಂಡದ 16ನೇ ಅಧ್ಯಾಯ ದಾಟಿಯೇ ಹೋಗಿದ್ದೀಯಲ್ಲ, ಅಲ್ಲಿಗೆ ಒಮ್ಮೆ ಹಿಂತಿರುಗು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಹಾರವಾಗಿ ಆಕಾಶದಿಂದ ಮನ್ನ ಸುರಿದಾಗ ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್, ಕೂಡಿಸಿಕೊಳ್ಳಿ ಎಂಬ ಅಪ್ಪಣೆ ಇತ್ತು. ನಾಳೆಗಿರಲಿ ಎಂದು ಎತ್ತಿಟ್ಟವರ ಪಾತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರಿತು. ಆ ದಿನಕ್ಕೆ ಬೇಕಾದಷ್ಟು, ತಿನ್ನುವಷ್ಟು, ತಿಂದು ನಡೆಯುವಷ್ಟು. ನಿನಗೆ ಹೇಳಬೇಕಾದದ್ದು ಇದೊಂದೇ: ಕಡಿಮೆ ಓದು, ಚೆನ್ನಾಗಿ ಅಗಿ, ಮಲಗುವ ಮುಂಚೆ ಓದಿದ್ದರಲ್ಲಿ ಒಂದನ್ನಾದರೂ ಮಾಡಿ ಮುಗಿಸು. "ನನ್ನನ್ನು ಹಿಂಬಾಲಿಸುವವನು ತನ್ನ ಶಿಲುಬೆ ಹೊರಬೇಕು" ಎಂಬ ಮಾತು ಮತ್ತಾಯನಲ್ಲೂ ಇದೆ, ಮಾರ್ಕನಲ್ಲೂ ಇದೆ. "ದಿನವೂ" ಎಂಬ ಪದವನ್ನು ಸೇರಿಸಿ ಬರೆದವನು ಲೂಕನೊಬ್ಬನೇ, 9ನೇ ಅಧ್ಯಾಯದ 23ನೇ ವಚನದಲ್ಲಿ. ನನಗೆ ಆ ಒಂದು ಪದದ ಮೇಲೆ ಬಹಳ ಪ್ರೀತಿ.

ನಿನ್ನ ಓದಿಗೆ ಒಂದು ಓಮೆರ್ ಎಂದರೆ 3ರಿಂದ 12 ವಚನ, 25 ನಿಮಿಷ. ಬೆಳಿಗ್ಗೆಯೇ ಆಗಬೇಕು ಎಂಬ ನಿಯಮವಿಲ್ಲ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಹೋದರು ಎಂದು ಮಾರ್ಕ 1:35 ಹೇಳುತ್ತದೆ. ಇಸಾಕನು ಧ್ಯಾನಕ್ಕೆಂದು ಹೊಲದ ಕಡೆ ಹೋದದ್ದು ಸಂಜೆಗೆ. ನಿನಗೆ ರಾತ್ರಿ ಪಾಳಿ ಇರುವ ವಾರ, ಮನೆಗೆ ಬಂದು ನಿದ್ದೆ ಮಾಡಿ ಎದ್ದ ಮೇಲಿನ ಹೊತ್ತೇ ನಿನ್ನ ಬೆಳಗು. ಹೊತ್ತಿಗಿಂತ ಜಾಗ ಮುಖ್ಯ. ದಿನವೂ ಅದೇ ಕುರ್ಚಿ, ಅದೇ ಕಿಟಕಿ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಆ್ಯಪ್‌ನಲ್ಲಿ ಸತ್ಯವೇದ ಓದುವುದು ತಪ್ಪಲ್ಲ, ಆದರೆ ಮೂರನೇ ವಚನಕ್ಕೆ ಬರುವಾಗ ಮೇಲಿನಿಂದ ಒಂದು ಮೆಸೇಜ್ ಇಳಿದರೆ ಮನಸ್ಸು ಅದರ ಹಿಂದೆಯೇ ಹೋಗುತ್ತದೆ. ಅಚ್ಚಾದ ಪುಸ್ತಕ, 80 ಪುಟದ ಒಂದು ನೋಟ್‌ಬುಕ್ಕು, ಒಂದು ಪೆನ್ನು, ಇಷ್ಟು ಸಾಕು.

ಮೊದಲು ಎರಡು ನಿಮಿಷ ಸುಮ್ಮನೆ ಕೂತು, "ಕರ್ತನೇ, ನಿನ್ನ ದಾಸನು ಕೇಳುತ್ತಿದ್ದಾನೆ" ಎಂದಷ್ಟೇ ಹೇಳು. ಆಮೇಲೆ ಭಾಗವನ್ನು ಬಾಯಿಬಿಟ್ಟು ಓದು, ಎರಡು ಸಲ. ಒಂದನೇ ಕೀರ್ತನೆಯಲ್ಲಿ ಹಗಲಿರುಳು "ಧ್ಯಾನಿಸುವವನು" ಧನ್ಯನು ಎಂದಿದೆಯಲ್ಲ, ಅಲ್ಲಿರುವ ಇಬ್ರಿಯ (ಹೀಬ್ರೂ) ಪದ ಹಾಗಾ. ಅದಕ್ಕೆ ಮೆಲುದನಿಯಲ್ಲಿ ಗುಣುಗುಟ್ಟುವುದು ಎಂಬ ಅರ್ಥವಿದೆ. ಯೆಶಾಯ 31:4ರಲ್ಲಿ ಸಿಂಹವು ಬೇಟೆಯ ಮೇಲೆ ನಿಂತು ಗುರುಗುಟ್ಟುವುದಕ್ಕೂ ಅದೇ ಪದ. ಅಂದರೆ ಧ್ಯಾನದಲ್ಲಿ ಬಾಯಿಗೂ ಕೆಲಸವಿದೆ. ಕಣ್ಣು ಹಾರಿಸಿಕೊಂಡು ಹೋಗುವ ಪದವನ್ನು ನಾಲಿಗೆ ಹಿಡಿದು ನಿಲ್ಲಿಸುತ್ತದೆ. ನಿನ್ನ ಆಫೀಸಿನ ಭಾಷೆ ಇಂಗ್ಲಿಷ್ ಆಗಿದ್ದರೂ ಈ ಓದು ಕನ್ನಡದಲ್ಲೇ ಇರಲಿ. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎನ್ನುವಾಗ ಆ ಕೊನೆಯ ಒಂದೇ ಪದದಲ್ಲಿ ಇಡೀ ಕೀರ್ತನೆಯ ನೆಮ್ಮದಿ ಇದೆ. ಹಳೆಯ ಅನುವಾದದ ಮಾತು ಎಲ್ಲಾದರೂ ಬಿಗಿಯೆನಿಸಿದರೆ ಸರಳ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡು.

12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗೀಗೊ ಇದನ್ನೇ ಊಟಕ್ಕೆ ಹೋಲಿಸಿದ: ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿ ಹಿಡಿಯುತ್ತದೆ, ಆಮೇಲೆ ದೇವರ ಮುಂದೆ ಮೌನವಾಗಿರುವುದೇ ಆ ಸವಿ. ಹೆಚ್ಚು ಜನ ಎಡವುವುದು ಎರಡನೆಯದರಲ್ಲಿ. ಅಗಿಯದೆ ನುಂಗಿಬಿಡುತ್ತಾರೆ. ಒಂದು ವಚನ ಮನಸ್ಸಿಗೆ ಹಿಡಿಸಿದ ಕೂಡಲೇ ಅದನ್ನು ಕಿತ್ತು ಸ್ಟೇಟಸ್‌ಗೆ ಹಾಕಿ ಮುಗಿಸುತ್ತಾರೆ.

ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲಿ ನಿನಗೆ ಯೆರೆಮೀಯ 29:11 ಬಂದಿದೆ ಎಂದೆಯಲ್ಲ. ಹಿತಕರವಾದ ಯೋಚನೆಗಳು, ನಿರೀಕ್ಷೆ, ಒಳ್ಳೆಯ ಗತಿ ಎಲ್ಲ ಅದರಲ್ಲಿದೆ. ಆದರೆ ಅದಕ್ಕಿಂತ ಒಂದೇ ವಚನ ಹಿಂದೆ, 10ರಲ್ಲಿ, "ಎಪ್ಪತ್ತು ವರ್ಷ" ಎಂದಿದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. 5ರಲ್ಲಿ ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ ಎಂದಿದೆ. 7ರಲ್ಲಿ ನಿಮ್ಮನ್ನು ಸೆರೆಗೆ ಕಳಿಸಿದ ಆ ಪಟ್ಟಣಕ್ಕಾಗಿಯೇ ಪ್ರಾರ್ಥಿಸಿ ಎಂದಿದೆ. ಈ ವರ್ಷ ಪ್ರಮೋಷನ್ ಆಗುತ್ತದೆ ಎಂಬ ಮಾತು ಅದರಲ್ಲಿಲ್ಲ. ಮನಸ್ಸಿಲ್ಲದ ಊರಿನಲ್ಲೂ ನಂಬಿಗಸ್ತನಾಗಿ ಬಾಳು, ನಾನು ಮರೆತಿಲ್ಲ ಎಂಬುದು ಅದರ ಅರ್ಥ. ನನಗಂತೂ ಇದು ಕಾರ್ಡಿನ ಅರ್ಥಕ್ಕಿಂತ ಗಟ್ಟಿಯಾದ ಸಾಂತ್ವನ. ನಾವು ಓದುವ ವಚನ ಸಂಖ್ಯೆಗಳು ಬರೆದವರು ಹಾಕಿದ್ದಲ್ಲ. ಹೊಸ ಒಡಂಬಡಿಕೆಗೆ ಈಗಿರುವ ವಚನ ವಿಭಾಗ ಬಂದದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕನ ಕೈಯಿಂದ. ಹಾಗಾಗಿ ಒಂದು ಸಂಖ್ಯೆಯೊಳಗೆ ಮಾತು ಮುಗಿಯಿತು ಎಂದುಕೊಳ್ಳಬೇಡ. ಮತ್ತಾಯ 4:6ರಲ್ಲಿ ಸೈತಾನನೂ 91ನೇ ಕೀರ್ತನೆಯ ವಚನವನ್ನೇ ಹೇಳುತ್ತಾನೆ, "ನಿನ್ನ ಎಲ್ಲಾ ಮಾರ್ಗಗಳಲ್ಲಿ" ಎಂಬ ಮಾತನ್ನು ಬಿಟ್ಟು.

ಅದಕ್ಕೇ ಎರಡನೇ ಓದು ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆ, ನಾಲ್ಕೇ. ಇಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ, ಇದರ ಹಿಂದೆಮುಂದೆ ಏನಿದೆ? ದೇವರು ಎಂಥವನೆಂದು ಇದು ತೋರಿಸುತ್ತದೆ? ನನ್ನ ಬದುಕಿನಲ್ಲಿ ಇದು ಎಲ್ಲಿ ಚುಚ್ಚುತ್ತದೆ? ಇವತ್ತು ಏನು ಮಾಡುತ್ತೇನೆ? ನಾಲ್ಕನೆಯದಕ್ಕೆ ಒಬ್ಬರ ಹೆಸರು, ಒಂದು ಗಂಟೆ, ಒಂದು ಕೆಲಸ ಇರಲೇಬೇಕು. "ಇನ್ನು ಮೇಲೆ ತಾಳ್ಮೆಯಿಂದಿರುತ್ತೇನೆ" ಎಂದು ಬರೆದರೆ ಸಂಜೆಗೆ ಅದು ಆಯಿತೋ ಇಲ್ಲವೋ ನಿನಗೇ ಗೊತ್ತಾಗುವುದಿಲ್ಲ. "ಏಳು ಗಂಟೆಗೆ ಅಮ್ಮನಿಗೆ ಫೋನ್ ಮಾಡಿ ಹತ್ತು ನಿಮಿಷ ನಡುವೆ ಬಾಯಿ ಹಾಕದೆ ಕೇಳುತ್ತೇನೆ" ಎಂದು ಬರೆದರೆ ಗೊತ್ತಾಗುತ್ತದೆ. ಯಾಕೋಬನು 1:23ರಲ್ಲಿ ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ ಮರೆತವನ ಬಗ್ಗೆ ಹೇಳುವುದು ಇದನ್ನೇ.

ಒಂದು ಭಾಗವನ್ನು ಹತ್ತಿರದಿಂದ ನೋಡೋಣ. ಮತ್ತಾಯ 5:23–24. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಿದ್ದೀಯ, ಅಲ್ಲಿ ನಿನ್ನ ಸಹೋದರನ ನೆನಪಾಯಿತು. ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗು, ಮೊದಲು ಒಂದಾಗು, ಆಮೇಲೆ ಬಂದು ಅರ್ಪಿಸು. ಈಗ ಮೊದಲ ಸಾಲಿಗೆ ಉತ್ತರ ಬರೆ: ಈ ಮಾತು ಹೇಳಿದ್ದು ಗಲಿಲಾಯದ ಬೆಟ್ಟದ ಮೇಲೆ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ದೂರ, ಕಾಲ್ನಡಿಗೆಯಲ್ಲಿ ದಿನಗಟ್ಟಲೆ ದಾರಿ. ಅಷ್ಟು ದೂರ ನಡೆದು ಬಂದವನು ಕಾಣಿಕೆಯನ್ನು ಬಿಟ್ಟು ಊರಿಗೆ ಹಿಂತಿರುಗಿ, ಅಣ್ಣನ ಬಾಗಿಲು ತಟ್ಟಿ, ಮತ್ತೆ ಅಷ್ಟೂ ದಾರಿ ನಡೆದು ಬರಬೇಕು. ಕೇಳಿಸಿಕೊಂಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ಇನ್ನೊಂದು ವಿಷಯವನ್ನೂ ನಿಧಾನವಾಗಿ ಓದು. "ನಿನಗೆ ಅವನ ಮೇಲೆ ಕೋಪವಿದ್ದರೆ" ಎಂದು ಇಲ್ಲಿ ಹೇಳಿಲ್ಲ, ಅವನಿಗೆ ನಿನ್ನ ಮೇಲೆ ಏನೋ ಇದ್ದರೆ ಎಂದಿದೆ. ನೆನಪಾಗಬೇಕಾದದ್ದು ನಿನ್ನಿಂದ ನೊಂದವನು.

ಇದನ್ನು ಮಾಡುವುದು ಹೇಗೆ? ಕರ್ತನ ಭೋಜನದ ಭಾನುವಾರದ ಹಿಂದಿನ ದಿನಕ್ಕೆ ಬಿಡಬೇಡ, ಅವಸರವಾಗುತ್ತದೆ. ಸಾಧ್ಯವಾದರೆ ಮನೆಗೆ ಹೋಗು, ದೂರವಿದ್ದರೆ ಫೋನ್ ಮಾಡು. ವಾಟ್ಸ್‌ಆ್ಯಪ್‌ನಲ್ಲಿ ಉದ್ದದ ಸಂದೇಶ ಕಳಿಸಬೇಡ, ಅದರಲ್ಲಿ ನಿನ್ನ ದನಿ ಇರುವುದಿಲ್ಲ. "ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸು" ಎನ್ನಬೇಡ. ಅದು ತಪ್ಪೊಪ್ಪಿಗೆ ಅಲ್ಲ, ತಪ್ಪಿದೆಯೋ ಇಲ್ಲವೋ ಹುಡುಕುವ ಕೆಲಸವನ್ನೂ ಅವನ ಮೇಲೆ ಹೊರಿಸಿದಂತೆ. ತಪ್ಪಿಗೆ ಹೆಸರಿಡು: "ಆ ದಿನ ಎಲ್ಲರ ಮುಂದೆ ನಿನ್ನನ್ನು ಹೀಯಾಳಿಸಿದೆ. ಅದು ಪಾಪ. ಕ್ಷಮಿಸು." ಇಲ್ಲಿಗೆ ನಿಲ್ಲಿಸು. "ಆದರೆ ನೀನೂ..." ಎಂದು ಮುಂದುವರಿಸಿದರೆ ಹಿಂದೆ ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. ಹಣದ ವಿಷಯವಾದರೆ ಹಣ ತೆಗೆದುಕೊಂಡೇ ಹೋಗು. ಅರಣ್ಯಕಾಂಡ 5:7ರ ಪ್ರಕಾರ ತಪ್ಪನ್ನು ಅರಿಕೆಮಾಡಿದವನು ಅಸಲಿನ ಜೊತೆ ಐದರಲ್ಲಿ ಒಂದು ಭಾಗ ಸೇರಿಸಿ ಕೊಡಬೇಕಿತ್ತು. 5000 ರೂಪಾಯಿ ಉಳಿಸಿಕೊಂಡಿದ್ದರೆ 6000. ಅವನು ಕೂಡಲೇ ಕ್ಷಮಿಸದಿದ್ದರೆ ಒತ್ತಾಯ ಮಾಡಬೇಡ. ಕೇಳುವುದು ನಿನ್ನ ಕೆಲಸ, ಅವನಿಗೆ ಕಾಲ ಬೇಕಾಗಬಹುದು.

ಇಲ್ಲೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಈ ವಚನ ಹಿಡಿದುಕೊಂಡು, ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಂಗಸಿಗೆ "ಹೋಗಿ ಒಂದಾಗು" ಎನ್ನುವವರಿದ್ದಾರೆ. ಯೇಸುಸ್ವಾಮಿ ಇಲ್ಲಿ ಎದ್ದು ಹೋಗು ಎನ್ನುವುದು ನೋಯಿಸಿದವನಿಗೆ. ನೊಂದವಳನ್ನು ಅಪಾಯಕ್ಕೆ ಹಿಂದೆ ಕಳಿಸಲು ಈ ವಾಕ್ಯವನ್ನು ಬಳಸುವುದು ವಾಕ್ಯಕ್ಕೇ ಮಾಡುವ ಅನ್ಯಾಯ. ನಿಮ್ಮ ಸಭೆಯಲ್ಲಿ ಅಂಥದ್ದು ಕಿವಿಗೆ ಬಿದ್ದರೆ ಮೊದಲು ಆಕೆಗೆ ಸುರಕ್ಷಿತ ಜಾಗ ನೋಡಿ.

ರಾತ್ರಿ ಮಲಗುವ ಮುಂಚೆ ಐದು ನಿಮಿಷ. ನಾಲ್ಕನೇ ಕೀರ್ತನೆ ಓದು, ಎಂಟೇ ವಚನ. ದಿನವನ್ನು ಬೆಳಗಿನಿಂದ ಒಮ್ಮೆ ನೆನೆಸಿ ಒಂದಕ್ಕೆ ಸ್ತೋತ್ರ ಹೇಳು, ಒಂದನ್ನು ಅರಿಕೆಮಾಡು. ನೋಟ್‌ಬುಕ್ಕಿನ ನಾಲ್ಕನೇ ಸಾಲಿನ ಎದುರು "ಆಯಿತು" ಅಥವಾ "ಆಗಲಿಲ್ಲ" ಎಂದು ಬರೆ. ಆಗದಿದ್ದರೆ ನಾಳೆಗೆ ಹೊಸ ಕೆಲಸ ಬೇಡ, ಅದನ್ನೇ ಮುಂದುವರಿಸು.

ದಿನ ತಪ್ಪುತ್ತದೆ, ಖಂಡಿತ ತಪ್ಪುತ್ತದೆ. ಮಗುವಿಗೆ ಜ್ವರ, ಊರಿಗೆ ಪ್ರಯಾಣ, ಬರಿ ಆಯಾಸ. ತಪ್ಪಿದ ಮೂರು ದಿನದ ಭಾಗವನ್ನು ನಾಲ್ಕನೇ ದಿನ ಒಟ್ಟಿಗೆ ಓದಿ ಸಾಲ ತೀರಿಸಲು ಹೋಗಬೇಡ. ಜನವರಿಯಲ್ಲಿ ನಿನ್ನನ್ನು ಸೋಲಿಸಿದ್ದು ಆ ಬಾಕಿಯ ಲೆಕ್ಕವೇ. ನಿಲ್ಲಿಸಿದ ಜಾಗದಿಂದ ಇವತ್ತಿನದನ್ನು ಓದು. ಇನ್ನು, ಓದಿದರೂ ಏನೂ ಅನಿಸದ ಒಣ ದಿನಗಳು ಬರುತ್ತವೆ. ಆಗ ಭಕ್ತಿಯ ದನಿಯನ್ನು ಬಲವಂತದಿಂದ ತರಬೇಡ. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 88ನೇ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅವೂ ಪ್ರಾರ್ಥನೆಗಳೇ, ಅವನ್ನು ನಿನ್ನದಾಗಿ ಓದು. ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದನ್ನು ನಂಬಿಕೆಯ ಕೊರತೆ ಎಂದು ತೀರ್ಮಾನಿಸಬೇಡ. ಸಭಾಪಾಲಕರಿಗೂ ಹೇಳು, ಡಾಕ್ಟರಿಗೂ ತೋರಿಸು.

ವಾರಕ್ಕೊಮ್ಮೆ ಇನ್ನೊಬ್ಬರ ಜೊತೆ ಕೂತು ನೋಟ್‌ಬುಕ್ ತೆರೆಯುವುದನ್ನು ಬಿಡಬೇಡ. ಬೆರೋಯ ಪಟ್ಟಣದವರು ಅಪೊಸ್ತಲ ಪೌಲನ ಮಾತನ್ನೂ ದಿನವೂ ಶಾಸ್ತ್ರಕ್ಕೆ ಹೋಲಿಸಿ ನೋಡಿದರು. ಅಪೊಸ್ತಲರ ಕೃತ್ಯಗಳು 17:11 ಅದನ್ನು ಅವರ ದೊಡ್ಡ ಗುಣವೆಂದೇ ಬರೆಯುತ್ತದೆ. ಕೆಲಸ ಬಿಡುವುದು, ಮದುವೆ, ಜಮೀನು ಮಾರುವುದು ಇಂಥ ವಿಷಯಗಳಲ್ಲಿ ಕಣ್ಣು ಮುಚ್ಚಿ ಪುಟ ತೆರೆದು ಸಿಕ್ಕ ವಚನದ ಮೇಲೆ ತೀರ್ಮಾನ ಮಾಡಲೇಬೇಡ. ನಿನ್ನನ್ನು ಬಲ್ಲ ಇಬ್ಬರು ವಿಶ್ವಾಸಿಗಳಿಗೆ ಹೇಳು, ಅವರು ಬೇಡ ಅಂದರೆ ತಡೆದುಕೋ.

ಶುರು ಎಲ್ಲಿಂದ ಎಂದು ಕೇಳಿದ್ದೀಯ. ಬೆಟ್ಟದ ಪ್ರಸಂಗದಿಂದ, ಮತ್ತಾಯ 5ರಿಂದ 7. ಒಟ್ಟು 111 ವಚನ. ಹೀಗೆ ಭಾಗ ಮಾಡಿದ್ದೇನೆ: ಐದನೇ ಅಧ್ಯಾಯ 1–12, 13–16, 17–20, 21–26, 27–32, 33–37, 38–42, 43–48. ಆರನೇ ಅಧ್ಯಾಯ 1–4, 5–15, 16–18, 19–24, 25–34. ಏಳನೇ ಅಧ್ಯಾಯ 1–6, 7–12, 13–23, 24–29. ಹದಿನೇಳು ದಿನ. ಭಾನುವಾರ ಹೊಸ ಭಾಗ ಬೇಡ, ಸಭೆಯಲ್ಲಿ ಓದಿದ್ದನ್ನೇ ಮನೆಯವರ ಜೊತೆ ಮಾತಾಡು. ಸೋಮವಾರ ಹಿಡಿದರೆ ಮೂರನೇ ವಾರದ ಶುಕ್ರವಾರಕ್ಕೆ ಬಂಡೆಯ ಮೇಲೆ ಮನೆ ಕಟ್ಟಿದವನ ಹತ್ತಿರ ಬರುತ್ತೀಯ.

ಮೊದಲ ವಾರದ ಗುರುವಾರ 21–26 ಬರುತ್ತದೆ, ಯಜ್ಞವೇದಿಯ ಆ ಮಾತು. ಆ ದಿನ ಸಂಜೆ ಬೇರೆ ಕೆಲಸ ಇಟ್ಟುಕೊಳ್ಳಬೇಡ. ಯಾರ ಮನೆಗೆ ಹೋಗಬೇಕೆಂದು ನಿನಗೆ ಈಗಾಗಲೇ ಗೊತ್ತಿರಬಹುದು. ಹೋಗುವ ಮುಂಚೆ ನನಗೊಂದು ಮಾತು ಹೇಳು, ಆ ಹೊತ್ತಿಗೆ ನಾನು ಇಲ್ಲಿ ಪ್ರಾರ್ಥನೆಯಲ್ಲಿರುತ್ತೇನೆ.

ಕರ್ತನಲ್ಲಿ ನಿನ್ನ ಪ್ರೀತಿಯ
ಗೆಳೆಯ